ಅಟ್ಟದ ಸಾಮಾನು: ಗವಿಯೊಳಗೆ ಬರೆದಿಟ್ಟ ಹೆಸರು

ಈ ಅಂಕಣದಲ್ಲಿ ಇದುವರೆಗೆ ಅಟ್ಟದಿಂದ ಇಳಿಸಿದ ಸಾಮಾನುಗಳೆಲ್ಲ ಅಜ್ಜ ಅಜ್ಜಿಯರ ಕಾಲದವು. ಒರಳುಕಲ್ಲಾಯಿತು, ಸೀಮೆಎಣ್ಣೆಯ ಸ್ಟೋವಾಯಿತು, ಹಿತ್ತಾಳೆಯ ಹಂಡೆಯಾಯಿತು. “ನಮ್ಮ ಕಾಲದ್ದೊಂದನ್ನಾದರೂ ಇಳಿಸಬಾರದೇ?” ಎಂದು ಸಂಘದ ತರುಣ ಸದಸ್ಯರು ದೂರಿದ್ದಾರೆ. ತರುಣರೆಂದರೆ ಹೆಚ್ಚು ನಂಬಬೇಡಿ. ಅವರಲ್ಲಿ ಇಬ್ಬರಿಗೆ ಕಿವಿಯ ಮೇಲೆ ನರೆ ಇಣುಕಿದೆ, ಒಬ್ಬರಂತೂ ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಕೈಯಿಡುತ್ತಾರೆ. ಆದರೂ ಬೇಡಿಕೆ ನ್ಯಾಯವಾದದ್ದು. ಆದಕಾರಣ ಈ ಸಂಚಿಕೆಗೆಂದು ಏಣಿ ಹಾಕಿ ಇಳಿಸಿರುವುದು ಒಂದು ವಿಡಿಯೋ ಗೇಮಿನ ಪೆಟ್ಟಿಗೆ. ಹಿರಿಯ ವಾಚಕರು ಪುಟ ಮಗುಚದೆ ಸ್ವಲ್ಪ ತಾಳ್ಮೆಯಿಂದ ಕೂಡಬೇಕಾಗಿ ಕೋರಿಕೆ. ಮಾತು ಮುಂದೆ ಗವಿಗಳಿಗೆ ಹೋಗುವುದಿದೆ. ಎಲ್ಲೋರದ ತನಕ ಬಂದೇ ಬರುತ್ತದೆ.

ಪೆಟ್ಟಿಗೆಯ ಪ್ಲಾಸ್ಟಿಕ್ಕು ಒಂದು ಕಾಲಕ್ಕೆ ಬೆಳ್ಳಗಿತ್ತು; ಈಗ ಹಳೆಯ ದಂತದ ಹಾಗೆ ಹಳದಿಗಟ್ಟಿದೆ. ಮೇಲೊಂದು ಸೀಳು, ಅದರೊಳಗೆ ‘ಕ್ಯಾಸೆಟ್ಟು’ ಕೂರಿಸಬೇಕು. ಅದರ ಸರಿಯಾದ ಹೆಸರು ಕಾರ್ಟ್ರಿಜ್ ಎಂದಂತೆ. ನಾಸಿಕದಲ್ಲಾಗಲಿ ಔರಂಗಾಬಾದಿನಲ್ಲಾಗಲಿ ಯಾವ ಮಗುವೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಕ್ಯಾಸೆಟ್ಟು ಹಿಡಿಯದಿದ್ದರೆ ಅದರ ಬಾಯಿಗೆ ಉಫ್ ಎಂದು ಊದುವುದು ವಾಡಿಕೆ. ಊದಿದ್ದರಿಂದ ಲಾಭವೇನೂ ಇಲ್ಲ, ಉಸಿರಿನ ತೇವಕ್ಕೆ ಒಳಗಿನ ಲೋಹದ ಹಲ್ಲು ಕೆಡುತ್ತದೆ, ತೆಗೆದು ಮತ್ತೆ ಹಾಕಿದ್ದರಿಂದಷ್ಟೇ ಅದು ಹಿಡಿಯುತ್ತಿದ್ದದ್ದು ಎಂದು ಬಲ್ಲವರು ಹೇಳುತ್ತಾರೆ. ಇರಲಿ. ಯಾರೂ ಕಲಿಸದಿದ್ದರೂ ಟೋಕಿಯೋದ ಮಗುವೂ ನಮ್ಮ ಓಝರಿನ ಮಗುವೂ ಒಂದೇ ಭಕ್ತಿಯಿಂದ ಊದಿದವು.

ಈ ಪೆಟ್ಟಿಗೆಯ ಮೂಲಪುರುಷ ಜಪಾನಿನವನು. ಕ್ಯೋಟೋ ನಗರದ ನಿಂಟೆಂಡೋ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 14,800 ಯೆನ್. ಅದೇ ವರ್ಷ ನಮ್ಮ ಅಜಂತಾ ಎಲ್ಲೋರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಎರಡಕ್ಕೂ ಸಂಬಂಧವಿಲ್ಲ, ನೆನಪಿಡಲು ಅನುಕೂಲವೆಂದು ಹೇಳಿದೆ. ನಮ್ಮ ದೇಶದಲ್ಲಿ ಅದು ‘ಸಮುರಾಯ್’ ಎಂಬ ಹೆಸರಿನಲ್ಲಿ ಬಂತು; ಅದರ ಬೆನ್ನಿಗೇ ನಕಲುಗಳ ದೊಡ್ಡ ಸಂತೆಯೂ ಬಂತು. ನಮ್ಮ ಮನೆಯದು ಆ ಸಂತೆಯಲ್ಲಿ ಕೊಂಡದ್ದು. 1993ರ ದೀಪಾವಳಿಯ ಮುನ್ನಾದಿನ ನಾಸಿಕದ ಶಾಲಿಮಾರ್ ಚೌಕದ ಬಳಿಯ ಅಂಗಡಿಯೊಂದರಲ್ಲಿ, ಪಟಾಕಿಗೆಂದು ತೆಗೆದಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಕೊಂಡದ್ದಾಯಿತು. ಆ ವರ್ಷ ನಮ್ಮ ಮನೆಯ ಮುಂದೆ ಸದ್ದಿರಲಿಲ್ಲ; ಮನೆಯೊಳಗೆ ಇತ್ತು.

ಆದರೆ ನಾನು ಹೇಳಹೊರಟ ಕಥೆ ಇದಕ್ಕೂ ಹಿಂದಿನದು. ಬೆಂಗಳೂರಿನಿಂದ ವಿಮಾನ ಕಾರ್ಖಾನೆಯ ನೌಕರಿಯ ಮೇಲೆ ಓಝರಿಗೆ ಬಂದ ಕನ್ನಡದ ಮನೆಗಳು ಆಗ ನಮ್ಮ ಸುತ್ತಮುತ್ತ ಅನೇಕವಿದ್ದವು. ಅವುಗಳಲ್ಲಿ ಒಂದು ಮನೆಗೆ, ಮಸ್ಕತ್ತಿನಲ್ಲಿದ್ದ ನೆಂಟರ ಮೂಲಕ, ಒಂದು ಅಟಾರಿ ಬಂದಿತ್ತು. ಅಮೆರಿಕದಲ್ಲಿ 1977ರಲ್ಲಿ ಹುಟ್ಟಿದ ಯಂತ್ರ ಅದು. ಮುಂಭಾಗಕ್ಕೆ ಮರದ ವೇಷ ಹಾಕಿತ್ತು. ಶನಿವಾರ ಸಂಜೆ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿದವರು ಒಳಗೆ ಸತ್ಯನಾರಾಯಣನ ಪೂಜೆ ನಡೆದಿದೆ ಎಂದುಕೊಳ್ಳಬೇಕು. ಒಳಗಿದ್ದದ್ದು ಹನ್ನೆರಡು ಮಕ್ಕಳು, ಒಂದು ಟೆಲಿವಿಷನ್ನು, ಮತ್ತು ‘ಅಡ್ವೆಂಚರ್’ ಎಂಬ ಒಂದು ಆಟ.

ನಾನು ಮೊದಲ ಸಲ ಅದನ್ನು ನೋಡಿದಾಗ ಪರದೆಯ ಮೇಲೆ ಒಂದು ಚಿಕ್ಕ ಚೌಕ ಅತ್ತಿತ್ತ ಓಡಾಡುತ್ತಿತ್ತು. “ಇದು ಏನಪ್ಪ?” ಎಂದು ಕೇಳಿದೆ. “ಅದು ನಾನು” ಎಂದ ಹುಡುಗ. ಬೇರೆ ವಿವರಣೆ ಅವನಿಗೆ ಬೇಕಾಗಿರಲಿಲ್ಲ. ಚೌಕ ಎಂಬುದು ವೀರ. ಬಾಣದ ಆಕಾರದ್ದು ಕತ್ತಿ. ಬೀಗದ ಕೈ ಮಾತ್ರ ಬೀಗದ ಕೈಯಂತೆಯೇ ಇತ್ತು. ಹಳದಿ, ಬಿಳಿ, ಕಪ್ಪು ಎಂದು ಮೂರು ಕೋಟೆಗಳು. ಹಳದಿ, ಹಸುರು, ಕೆಂಪು ಎಂದು ಮೂರು ಘಟಸರ್ಪಗಳು. ಘಟಸರ್ಪಗಳೆಂದು ಆಟದ ಪುಸ್ತಕ ಹೇಳುತ್ತಿತ್ತು. ಕಣ್ಣಿಗೆ ಅವು ಬಾತುಕೋಳಿಗಳು. ಮಕ್ಕಳು ಮರಾಠಿಯಲ್ಲಿ ‘ಬದಕ್ ಆಲಾ’ ಎಂದು ಕೂಗುತ್ತ ಓಡಿಸುತ್ತಿದ್ದರು. ಸಿಕ್ಕಿಬಿದ್ದರೆ ಬಾತುಕೋಳಿ ನಿಮ್ಮನ್ನು ನುಂಗುತ್ತದೆ. ಅದರ ಹೊಟ್ಟೆಯಲ್ಲಿ ನೀವು ಚೌಕವಾಗಿಯೇ ಕುಳಿತಿರುತ್ತೀರಿ. ಕದ್ದುಹೋದ ಬಂಗಾರದ ಬಟ್ಟಲನ್ನು ಹುಡುಕಿ ಹಳದಿ ಕೋಟೆಗೆ ತಂದಿಟ್ಟರೆ ಆಟ ಮುಗಿಯಿತು. ಇದರ ನಡುವೆ ಒಂದು ಬಾವಲಿ. ಅದಕ್ಕೆ ನೀತಿಯಿಲ್ಲ. ಕೈಯಲ್ಲಿರುವುದನ್ನು ಕಿತ್ತುಕೊಂಡು ಇನ್ನೇನನ್ನೋ ಬಿಟ್ಟು ಹಾರುತ್ತದೆ. ನೀವು ಬೇರೆ ಕೋಣೆಯಲ್ಲಿದ್ದಾಗಲೂ, ನಿಮ್ಮ ಕಣ್ಣಿಗೆ ಬೀಳದೆಯೂ, ಅದು ಎಲ್ಲೋ ಹಾರುತ್ತಲೇ ಇರುತ್ತದೆ. ಆ ಕಾಲಕ್ಕೆ ಇದು ಬಹಳ ದೊಡ್ಡ ಕಲ್ಪನೆ. ನಾವು ನೋಡದಿದ್ದಾಗಲೂ ಲೋಕ ನಡೆಯುತ್ತಿರುತ್ತದೆ ಎಂಬ ಭಾವನೆಯನ್ನು ಒಂದು ಆಟಿಗೆ ಮಕ್ಕಳಲ್ಲಿ ಹುಟ್ಟಿಸಿತು.

ಇಷ್ಟೆಲ್ಲ ಇದ್ದ ಆ ಕ್ಯಾಸೆಟ್ಟಿನ ಗಾತ್ರ 4096 ಬೈಟು. ಇದರ ಅಳತೆ ತಿಳಿಯಬೇಕಾದರೆ ಹೀಗೆ ಹೇಳಬಹುದು: ಇಂದಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ, ಗುಣಿತ ಒತ್ತುಗಳನ್ನು ಬೇರೆಬೇರೆಯಾಗಿ ಎಣಿಸಿ, ಮೂರು ಬೈಟು ಬೇಕು. ಅಂದರೆ ಮೂರು ಕೋಟೆ, ಮೂರು ಘಟಸರ್ಪ, ಒಂದು ಬಾವಲಿ, ಮೂವತ್ತು ಕೋಣೆಗಳು ಎಲ್ಲ ಸೇರಿ 1365 ಚಿಹ್ನೆಗಳ ಜಾಗದಲ್ಲಿ ಅಡಗಿವೆ. ಈ ಅಂಕಣದ ಒಂದು ಪುಟಕ್ಕೂ ಅದು ಸಾಲದು. ಆಟ ನಡೆಯುವಾಗ ಯಂತ್ರಕ್ಕೆ ನೆನಪಿಟ್ಟುಕೊಳ್ಳಲು ಇದ್ದ ಜಾಗವಂತೂ 128 ಬೈಟು. ನಮ್ಮ ಲಿಪಿಯಲ್ಲಿ ಒಂದು ಸಾಲು ಎನ್ನಿ. ಬಡತನದಲ್ಲಿ ಸಂಸಾರ ತೂಗಿಸಿದ ಗೃಹಿಣಿಯರಿಗೆ ಮಾತ್ರ ಈ ಜಾಣ್ಮೆ ಪೂರ್ತಿ ಅರ್ಥವಾದೀತು.

ಆ ಜಾಣನ ಹೆಸರು ವಾರನ್ ರಾಬಿನೆಟ್. ಅವನ ಆಟದ ಮೂಲ ಒಂದು ನಿಜವಾದ ಗವಿಯಲ್ಲಿದೆ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮ್ಯಾಮತ್ ಗವಿ ಎಂಬುದಿದೆ. ತಿಳಿದಿರುವ ಗವಿಗಳಲ್ಲೆಲ್ಲ ಉದ್ದವಾದದ್ದು. ಅಳೆದಿರುವುದೇ 680 ಕಿಲೋಮೀಟರಿಗೂ ಹೆಚ್ಚು. ಅದನ್ನು ಹೊಕ್ಕು ಅಳೆದು ನಕ್ಷೆ ಬರೆಯುವ ಗೀಳಿನವರಲ್ಲಿ ವಿಲ್ ಕ್ರೌದರ್ ಎಂಬ ಕಂಪ್ಯೂಟರ್ ತಜ್ಞನೂ ಅವನ ಪತ್ನಿ ಪೆಟ್ರೀಷಿಯಾಳೂ ಇದ್ದರು. ಪಕ್ಕದ ಗವಿಜಾಲವೊಂದು ಮ್ಯಾಮತ್ ಗವಿಗೆ ಕೂಡುತ್ತದೆಯೆಂದು 1972ರಲ್ಲಿ ಕಂಡುಹಿಡಿದ ತಂಡದಲ್ಲಿ ಈಕೆ ಇದ್ದಳು. ಮುಂದೆ ದಂಪತಿಗಳು ಬೇರೆಯಾದರು. ಮಕ್ಕಳು ತನ್ನಿಂದ ದೂರವಾದುವೆಂಬ ಕೊರಗು ತಂದೆಗೆ. ಜೊತೆಯವರೊಡನೆ ಗವಿಗೆ ಹೋಗುವುದೂ ನಿಂತಿತು. 1975–76ರ ಹೊತ್ತಿಗೆ ಅವನು ಇಬ್ಬರು ಹೆಣ್ಣುಮಕ್ಕಳು ಆಡಲೆಂದು ಆ ಗವಿಯನ್ನೇ ಕಂಪ್ಯೂಟರಿನಲ್ಲಿ ಮಾತುಗಳಿಂದ ಕಟ್ಟಿದ. ಚಿತ್ರವಿಲ್ಲ, ಸದ್ದಿಲ್ಲ, ನೀವು ಎಲ್ಲಿದ್ದೀರಿ ಎಂದು ಯಂತ್ರ ಹೇಳುತ್ತದೆ, ಯಾವ ಕಡೆ ಹೋಗಬೇಕೆಂದು ನೀವು ಒಂದೆರಡು ಪದಗಳಲ್ಲಿ ಹೇಳಬೇಕು. ಕ್ಯಾಲಿಫೋರ್ನಿಯಾದ ಡಾನ್ ವುಡ್ಸ್ ಎಂಬವನು 1977ರಲ್ಲಿ ಅದನ್ನು ಹಿಗ್ಗಿಸಿದ. ಮರುವರ್ಷ ಅದನ್ನು ಸ್ಟ್ಯಾನ್‌ಫರ್ಡಿನಲ್ಲಿ ಆಡಿದ ರಾಬಿನೆಟ್, ಇದನ್ನೇ ಟೆಲಿವಿಷನ್ನಿನ ಚಿತ್ರವಾಗಿ ಮಾಡಬೇಕೆಂದು ಹಟತೊಟ್ಟ. ಆಗದ ಕೆಲಸ, ಬಿಡು ಎಂದು ಮೇಲಧಿಕಾರಿ ಹೇಳಿದನಂತೆ. ಇವನು ಬಿಡಲಿಲ್ಲ.

ಸಾಹಸದ ಆಟಗಳ ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಯಂತ್ರಗಳಿಂದ ಆರಂಭಿಸುತ್ತಾರೆ. ಹೆಂಡತಿ ಮಕ್ಕಳನ್ನು ಅಗಲಿದ ಒಬ್ಬ ಮನುಷ್ಯ ತನ್ನ ಮಕ್ಕಳಿಗೆಂದು ನೆನಪಿನಿಂದ ತೋಡಿದ ಗವಿಯಿಂದ ಆರಂಭಿಸುವುದೇ ಸರಿಯೆಂದು ನನ್ನ ಮತ.

ಇನ್ನು ರಾಬಿನೆಟ್ಟನ ಕಥೆಯ ಸ್ವಾರಸ್ಯಕ್ಕೆ ಬರೋಣ. ಆ ಕಾಲದಲ್ಲಿ ಅಟಾರಿ ಕಂಪನಿ ಆಟ ರಚಿಸಿದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ಪೆಟ್ಟಿಗೆಯ ಮೇಲಿಲ್ಲ, ಪುಸ್ತಕದಲ್ಲಿಲ್ಲ, ಪರದೆಯ ಮೇಲಿಲ್ಲ. ಒಬ್ಬನೇ ಕುಳಿತು ಕಥೆ, ಚಿತ್ರ, ಸದ್ದು, ಲೆಕ್ಕ ಎಲ್ಲವನ್ನೂ ಮಾಡುವ ಕೆಲಸ. ಹೊರಗೆ ಮಾತ್ರ ಕಂಪನಿಯ ಮುದ್ರೆ. ರಾಬಿನೆಟ್ ವಾದಕ್ಕೆ ಹೋಗಲಿಲ್ಲ. ಆಟದೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯನ್ನು ಮಾಡಿದ. ಅಲ್ಲಿಗೆ ಹೋಗುವ ಬಾಗಿಲಿಲ್ಲ. ಕರಿಕೋಟೆಯ ಗೋಜಲಿನಲ್ಲಿ, ಸೇತುವೆಯನ್ನು ಹೊತ್ತುಕೊಂಡು ಹೋಗಿ ಹಾಕಿದರೆ ಮಾತ್ರ ಕೈಗೆಟುಕುವ ಒಂದು ಮೂಲೆಯಲ್ಲಿ, ಹಿನ್ನೆಲೆಯ ಬಣ್ಣದ್ದೇ ಆದ ಒಂದು ಬೂದು ಚುಕ್ಕೆ ಇದೆ. ಸಾಸಿವೆಯಷ್ಟೂ ಇಲ್ಲ. ಅದನ್ನು ಎತ್ತಿಕೊಂಡು ಬಂದು ಮತ್ತೊಂದು ಕೋಣೆಯಲ್ಲಿ ಇತರ ವಸ್ತುಗಳ ಜೊತೆಗಿಟ್ಟರೆ ಗೋಡೆ ಮಿಣುಗುತ್ತದೆ, ಆಗ ನುಗ್ಗಬಹುದು. ನುಗ್ಗಿದರೆ ಒಳಗೆ ಬಣ್ಣಬಣ್ಣವಾಗಿ ಹೊಳೆಯುವ ಅಕ್ಷರಗಳು: ಇದನ್ನು ಸೃಷ್ಟಿಸಿದವನು ವಾರನ್ ರಾಬಿನೆಟ್. ಅಷ್ಟೇ. ಕೆಲಸ ಒಪ್ಪಿಸಿ 1979ರಲ್ಲಿ ಅವನು ನೌಕರಿ ಬಿಟ್ಟು ಹೊರಟುಹೋದ. ಆಟ 1980ರಲ್ಲಿ ಅಂಗಡಿಗೆ ಬಂತು, ಹತ್ತು ಲಕ್ಷದಷ್ಟು ಮಾರಾಟವಾಯಿತು. ಯೂಟಾ ರಾಜ್ಯದ ಹದಿನೈದು ವರ್ಷದ ಹುಡುಗನೊಬ್ಬ ಆ ಕೋಣೆಯನ್ನು ಹೊಕ್ಕು ಕಂಪನಿಗೆ ಕಾಗದ ಬರೆದಾಗಲೇ ಯಜಮಾನರಿಗೆ ಸುದ್ದಿ ತಿಳಿದದ್ದು. ಅಳಿಸಿ ಮತ್ತೆ ಮುದ್ರಿಸುವುದು ದುಬಾರಿ. ಸ್ಟೀವ್ ರೈಟ್ ಎಂಬ ಅಧಿಕಾರಿ, ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಮಕ್ಕಳಿಗೆಂದು ಬಣ್ಣದ ಮೊಟ್ಟೆ ಬಚ್ಚಿಡುವುದಿಲ್ಲವೇ ಎಂದು ಸಮಾಧಾನ ಹೇಳಿದ. ‘ಈಸ್ಟರ್ ಎಗ್’ ಎಂಬ ಮಾತು ಈ ಕ್ಷೇತ್ರಕ್ಕೆ ಬಂದದ್ದು ಹೀಗೆ. ಇದಕ್ಕಿಂತ ಹಿಂದಿನ ಒಂದೆರಡು ಆಟಗಳಲ್ಲಿಯೂ ಕರ್ತೃಗಳು ಹೆಸರು ಹುದುಗಿಸಿದ್ದರೆಂದು ಬಹಳ ವರ್ಷಗಳ ಮೇಲೆ ಶೋಧಕರು ಪತ್ತೆಮಾಡಿದರು. ನೋಡಿ, ಎಷ್ಟು ಕಡೆ ಎಷ್ಟು ಜನ ಒಂದೇ ಕೆಲಸ ಮಾಡಿದ್ದಾರೆ!

ಅದೇ ಅಸಮಾಧಾನದಿಂದ 1979ರಲ್ಲಿ ಅಟಾರಿಯನ್ನು ಬಿಟ್ಟ ನಾಲ್ವರು ಸೇರಿ ಆಕ್ಟಿವಿಷನ್ ಎಂಬ ಸ್ವಂತ ಸಂಸ್ಥೆ ಕಟ್ಟಿ ಆಟ ರಚಿಸಿದವರ ಹೆಸರನ್ನು ಗ್ರಂಥಕರ್ತರಂತೆ ಮುದ್ರಿಸತೊಡಗಿದರು. ಕಾಡಿನಲ್ಲಿ ಬಳ್ಳಿ ಹಿಡಿದು ಜೋತಾಡುವ ‘ಪಿಟ್‌ಫಾಲ್’ ಎಂಬ 1982ರ ಆಟ ಅವರಲ್ಲೊಬ್ಬನಾದ ಡೇವಿಡ್ ಕ್ರೇನನದು; ಇಪ್ಪತ್ತು ನಿಮಿಷದಲ್ಲಿ ಮೂವತ್ತೆರಡು ನಿಧಿ ಹುಡುಕಬೇಕು. ಜಪಾನಿನಲ್ಲಿ ಬೇರೆ ಪದ್ಧತಿ. ಅಲ್ಲಿ ಅನೇಕ ಆಟಗಳ ಕೊನೆಯಲ್ಲಿ ಹೆಸರು ಬರುತ್ತಿತ್ತು, ಆದರೆ ಅಡ್ಡಹೆಸರು. 1986ರ ಫೆಬ್ರುವರಿಯಲ್ಲಿ ಬಂದ ‘ಜೆಲ್ಡಾ’ ಎಂಬ ಪ್ರಸಿದ್ಧ ಸಾಹಸದಾಟದ ಕೊನೆಯಲ್ಲಿ ಶಿಗೆರು ಮಿಯಾಮೊಟೊ ಎಂಬ ಕಲಾವಿದ ‘ಮಿಯಾಹೋನ್’ ಆಗಿದ್ದಾನೆ. ಸಂಗೀತ ಕೊಟ್ಟ ಕೋಜಿ ಕೊಂಡೊ ‘ಕೊನ್‌ಚಾನ್’ ಆಗಿದ್ದಾನೆ. ಈ ಮಿಯಾಮೊಟೊನ ಕಥೆಯಲ್ಲಿಯೂ ಗವಿಯಿದೆ. ಕ್ಯೋಟೋ ಬಳಿಯ ಸೊನೊಬೆ ಎಂಬ ಊರಿನಲ್ಲಿ ಬೆಳೆದ ಹುಡುಗ ಗುಡ್ಡದಲ್ಲಿ ಅಲೆಯುವಾಗ ಗವಿಯೊಂದರ ಬಾಯಿ ಕಂಡಿತು. ಕೆಲವು ದಿನ ಹೆದರಿ ಹಿಂದೆಮುಂದೆ ನೋಡಿ, ಕಡೆಗೆ ಲಾಂದ್ರ ಹಿಡಿದು ಒಳಹೊಕ್ಕ. ‘ಜೆಲ್ಡಾ’ ಆರಂಭವಾದೊಡನೆ ಪರದೆಯ ಮೇಲೆ ಕಾಣುವುದು ಕಪ್ಪು ಬಾಗಿಲಿನ ಒಂದು ಗವಿ.

ನಮ್ಮ ದೀಪಾವಳಿಯ ಪೆಟ್ಟಿಗೆಯ ಜೊತೆಗೆ ಬಂದ ಕ್ಯಾಸೆಟ್ಟಿನಲ್ಲಿ ಜೆಲ್ಡಾ ಇರಲಿಲ್ಲ. ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಇರಬೇಕು. 1987ರಲ್ಲಿ ಅಮೆರಿಕದಲ್ಲಿ ಮಾರಿದ ಜೆಲ್ಡಾದ ಹೊಂಬಣ್ಣದ ಕ್ಯಾಸೆಟ್ಟಿನಲ್ಲಿ ಅದಿತ್ತು. ನಮ್ಮ ಅಗ್ಗದ ಕ್ಯಾಸೆಟ್ಟುಗಳಿಗೆ ಆ ಭಾಗ್ಯವೆಲ್ಲಿ? ಅವುಗಳ ಮೇಲೆ ‘ಒಂದರಲ್ಲಿ 9999999’ ಎಂದು ಬರೆದಿರುತ್ತಿತ್ತು. ಒಂದೊಂದಾಗಿ ಎಣಿಸಿದರೆ ಹತ್ತೋ ಹದಿನೈದೋ ಆಟ. ಮಿಕ್ಕವು ಅವೇ, ಬಣ್ಣ ಬದಲಾಯಿಸಿಕೊಂಡು ಬಂದವು. ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಿಯವಾದದ್ದು ‘ಅಡ್ವೆಂಚರ್ ಐಲೆಂಡ್’. ಹಡ್ಸನ್ ಕಂಪನಿಯ 1986ರ ಆಟ. ಟೋಪಿ ಹಾಕಿ ಹುಲ್ಲಿನ ಲಂಗ ಉಟ್ಟ ಒಬ್ಬ ಮನುಷ್ಯ ಕಲ್ಲಿನ ಕೊಡಲಿ ಎಸೆಯುತ್ತ ದ್ವೀಪದಲ್ಲಿ ಓಡುತ್ತಾನೆ. ಅವನ ಪ್ರಾಣ ಹೊತ್ತುಹೊತ್ತಿಗೂ ಇಳಿಯುತ್ತಿರುತ್ತದೆ. ದಾರಿಯಲ್ಲಿ ಸಿಕ್ಕ ಹಣ್ಣು ತಿಂದರೆ ಮಾತ್ರ ಉಳಿಯುತ್ತಾನೆ. ನಮ್ಮ ಮನೆಯಾಕೆ ಈ ಒಂದು ಅಂಶವನ್ನು ಹಿಡಿದುಕೊಂಡು, “ನೋಡಿ ಕಲಿಯಿರಿ, ಹಣ್ಣು ಬಿಟ್ಟರೆ ಗತಿ ಅಷ್ಟೇ” ಎಂದು ಒಂದು ಬೇಸಗೆಯಿಡೀ ನಾಸಿಕದ ದ್ರಾಕ್ಷಿಯನ್ನು ಮಕ್ಕಳಿಗೆ ತಿನ್ನಿಸಿದಳು. ವಿಡಿಯೋ ಗೇಮಿನಿಂದ ಮಕ್ಕಳು ಕೆಡುತ್ತಾರೆ ಎನ್ನುವವರಿಗೆ ನಾನು ಈ ದೃಷ್ಟಾಂತವನ್ನು ಕೊಡುತ್ತೇನೆ, ಅವರು ಒಪ್ಪುವುದಿಲ್ಲ.

ಆ ಆಟದ ನಾಯಕ ಜಪಾನಿನಲ್ಲಿ ನಿಜವಾಗಿ ಬದುಕಿದ್ದ ಒಬ್ಬ ವ್ಯಕ್ತಿ, ಹಡ್ಸನ್ ಕಂಪನಿಯ ಉದ್ಯೋಗಿ ತಕಹಾಶಿ ಎಂಬವನು, ಸೆಕೆಂಡಿಗೆ ಹದಿನಾರು ಸಲ ಗುಂಡಿ ಒತ್ತುವುದರಲ್ಲಿ ಹೆಸರಾದವನು ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿಯುವುದಾದರೂ ಹೇಗೆ? ನಕಲು ಕ್ಯಾಸೆಟ್ಟುಗಳಲ್ಲಿ ಮೊದಲ ಪರದೆಯ ಮೇಲಿನ ಕಂಪನಿಯ ಹೆಸರನ್ನೂ ವರ್ಷವನ್ನೂ ಎಷ್ಟೋ ಸಲ ಕೆರೆದು ಹಾಕಿರುತ್ತಿದ್ದರು. ಅಮೆರಿಕದ ಹುಡುಗರಿಗೆ ಕರ್ತೃವಿನ ಹೆಸರಿರಲಿಲ್ಲ. ನಮ್ಮ ಹುಡುಗರಿಗೆ ಕಂಪನಿಯ ಹೆಸರೂ ಇರಲಿಲ್ಲ. ಗುಡಿಯ ಶಿಲ್ಪಗಳ ಹಾಗೆ, ಯಾರೋ ಮಾಡಿದರು, ಇಲ್ಲಿದೆ, ನೋಡಿ.

ಬ್ಯಾಟರಿಯಿಲ್ಲದ ಈ ಕ್ಯಾಸೆಟ್ಟುಗಳ ಒಂದು ಪರಿಣಾಮವನ್ನು ಹೇಳಲೇಬೇಕು. ಆಟ ಮುಗಿಯುವ ಮುನ್ನ ವಿದ್ಯುತ್ತು ಹೋದರೆ ಎಲ್ಲ ಹೋಯಿತು, ಮೊದಲಿನಿಂದ ಆಡಬೇಕು. ಯಂತ್ರ ನೆನಪಿಡದಿದ್ದಾಗ ಮನುಷ್ಯರು ನೆನಪಿಡಬೇಕಲ್ಲ. ಆದ್ದರಿಂದ ನಕ್ಷೆಗಳು ಹುಟ್ಟಿದವು. ಅಟಾರಿಯ ದಿನಗಳಲ್ಲಿಯೇ ನನ್ನ ಮಗಳೂ ಪಕ್ಕದ ಮನೆಯ ಮರಾಠಿ ಹುಡುಗನೂ ಸೇರಿ ‘ಅಡ್ವೆಂಚರ್’ ಆಟದ ಮೂರು ಕೋಟೆಗಳನ್ನು ಗ್ರಾಫ್ ಕಾಗದದ ಮೇಲೆ ಬರೆದಿದ್ದರು. ಬಲಗಡೆ ಹೋದರೆ ಎಡಗಡೆ ಬರುವ, ಕೆಳಗಿಳಿದರೆ ಮೇಲೇರುವ ವಿಚಿತ್ರ ಕೋಣೆಗಳಿದ್ದ ಕಾರಣ ಆ ನಕ್ಷೆಯಲ್ಲಿ ಬಾಣದ ಗುರುತುಗಳು ಒಂದರ ಮೇಲೊಂದು ಬಿದ್ದು ರಂಗೋಲಿಯಂತಾಗಿವೆ. ಹುಡುಗಿ ಕನ್ನಡದಲ್ಲಿ ‘ಇಲ್ಲಿ ಸೇತುವೆ’ ಎಂದರೆ, ಹುಡುಗ ಅದರ ಪಕ್ಕದಲ್ಲೇ ಮರಾಠಿಯಲ್ಲಿ ‘ಪೂಲ್’ ಎಂದು ಬರೆದಿದ್ದಾನೆ. ಒಂದು ಮೂಲೆಯಲ್ಲಿ ಇಬ್ಬರ ಹೆಸರು, ಎರಡು ಲಿಪಿಗಳಲ್ಲಿ. ಬೂದು ಚುಕ್ಕೆ ಮಾತ್ರ ಅದರಲ್ಲಿಲ್ಲ. ಗುಪ್ತ ಕೋಣೆಯ ಸಮಾಚಾರ ಅವರಿಗೆ ಗೊತ್ತಾದದ್ದು 2018ರಲ್ಲಿ, ಆ ಆಟವನ್ನೇ ಕಥೆಯ ತುದಿಯಲ್ಲಿಟ್ಟಿದ್ದ ‘ರೆಡಿ ಪ್ಲೇಯರ್ ಒನ್’ ಎಂಬ ಇಂಗ್ಲಿಷ್ ಚಿತ್ರ ನೋಡಿ. ಆ ರಾತ್ರಿ ಪುಣೆಯಿಂದ ಮಗಳೂ ಸಂಭಾಜಿನಗರದಿಂದ ಆ ಹುಡುಗನೂ ಫೋನಿನಲ್ಲಿ ಒಂದು ಗಂಟೆ ಮಾತಾಡಿದರಂತೆ. ಸೇತುವೆಯನ್ನು ಯಾವ ಗೋಡೆಗೆ ಹಾಕಬೇಕಿತ್ತು ಎಂಬುದೇ ವಾದ.

ಆ ಹುಡುಗ 2021ರ ಏಪ್ರಿಲ್‌ನಲ್ಲಿ ಕೊರೋನಾದಿಂದ ತೀರಿಕೊಂಡ. ನಲವತ್ತೈದು ವರ್ಷವೂ ಆಗಿರಲಿಲ್ಲ. ಹೋದ ವರ್ಷ ಅವನ ತಾಯಿ ನಮ್ಮ ಮನೆಗೆ ಬಂದಿದ್ದಾಗ ನಕ್ಷೆಯನ್ನು ತೋರಿಸಿದೆವು. ಅವರಿಗೆ ಕೋಟೆ ಗೀಟೆ ತಿಳಿಯದು. ಮೂಲೆಯಲ್ಲಿದ್ದ ಹೆಸರನ್ನು ನೋಡಿದರು. ಆ ವಯಸ್ಸಿನ ಅಕ್ಷರ ತಮ್ಮ ಮನೆಯಲ್ಲಿ ಒಂದೂ ಉಳಿದಿಲ್ಲ, ಶಾಲೆಯ ಪುಸ್ತಕಗಳೆಲ್ಲ ಎಂದೋ ರದ್ದಿಗೆ ಹೋದವು ಎಂದರು. ಮೂಲವನ್ನು ಅವರಿಗೇ ಕೊಟ್ಟೆವು. ನಮ್ಮಲ್ಲಿರುವುದು ಅದರ ನೆರಳಚ್ಚು.

ಅಂದಿನಿಂದ ನನ್ನ ಕಣ್ಣು ಗವಿಗೆ ಹೋದಾಗಲೆಲ್ಲ ಹೆಸರುಗಳನ್ನೇ ಹುಡುಕುತ್ತದೆ. ಮೊದಲೆಲ್ಲ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದು, ಚಿತ್ರ ತೆಗೆಸುವುದು, ಚಹಾ ಕುಡಿದು ಬರುವುದು ಇಷ್ಟೇ ಆಗಿತ್ತು. ನಾಸಿಕದ ಪಾಂಡವಲೇಣಿಯನ್ನೇ ತೆಗೆದುಕೊಳ್ಳಿ. ಮೂರನೆಯ ಗವಿಯಲ್ಲಿ ಶಾತವಾಹನರ ರಾಜಮಾತೆ ಗೌತಮೀ ಬಲಶ್ರೀ ತನ್ನ ಮಗನ ಕೀರ್ತಿಯನ್ನು ಉದ್ದಕ್ಕೆ ಬರೆಸಿದ್ದಾಳೆ. ಹತ್ತನೆಯ ಗವಿಯಲ್ಲಿ ನಹಪಾನನ ಅಳಿಯ ಉಷವದಾತನ ದಾನಪಟ್ಟಿ. ಮೂರು ಸಾವಿರ ಕಹಾಪಣವನ್ನು ನೇಕಾರರ ಶ್ರೇಣಿಗಳಲ್ಲಿ ಇಟ್ಟು, ಎರಡು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಒಂದು, ಮಿಕ್ಕ ಸಾವಿರಕ್ಕೆ ಮುಕ್ಕಾಲು ಎಂದು ಬಡ್ಡಿಯ ದರವನ್ನು ಕೂಡ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಬ್ಯಾಂಕಿನ ಪಾಸ್‌ಪುಸ್ತಕವೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಉಳಿ ಹಿಡಿದವನ ಹೆಸರು ಎರಡು ಶಾಸನಗಳಲ್ಲಿಯೂ ಇಲ್ಲ.

ನಿಫಾಡ, ಯೇವಲಾ, ವೈಜಾಪುರದ ಹಾದಿಯಾಗಿ ಸಂಭಾಜಿನಗರದ ಕಡೆಗೆ ಹೋದರೆ ಅಲ್ಲಿಯೂ ಇದೇ ಮಾತು. ಅಜಂತಾದ ಬಣ್ಣಗಾರರು ಹೆಸರು ಬಿಟ್ಟುಹೋಗಲಿಲ್ಲ. 1819ರ ಏಪ್ರಿಲ್‌ನಲ್ಲಿ ಬೇಟೆಗೆ ಬಂದು ಗವಿಯನ್ನು ಕಂಡ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿ ಮಾತ್ರ ಹತ್ತನೆಯ ಗವಿಯ ಕಂಬದ ಮೇಲೆ ತನ್ನ ಹೆಸರು ತಾರೀಖುಗಳನ್ನು ಗೀಚಿ ಹೋದ. ಅದು ಇನ್ನೂ ಇದೆ. ಎಲ್ಲೋರದ ಕೈಲಾಸ ನಮ್ಮ ರಾಷ್ಟ್ರಕೂಟರದು. ಒಂದನೆಯ ಕೃಷ್ಣ, ಎಂಟನೆಯ ಶತಮಾನ. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕೊರೆಯುತ್ತ ಬಂದ ಆ ದೇವಾಲಯದ ಬಗ್ಗೆ 812ರ ಸುಮಾರಿನ ಬರೋಡದ ತಾಮ್ರಶಾಸನ, ಅದನ್ನು ಮಾಡಿದ ಶಿಲ್ಪಿಯೇ ನಾನು ಇದನ್ನು ಹೇಗೆ ಮಾಡಿದೆನೋ ಎಂದು ಬೆರಗಾದನೆಂದು ಹೇಳುತ್ತದೆ. ಬೆರಗಾದ ಶಿಲ್ಪಿ ಯಾರು? ಶಾಸನಕ್ಕೆ ಅದು ಬೇಕಾಗಿರಲಿಲ್ಲ. ಕೈಲಾಸಕ್ಕೆ ಮಾದರಿಯೆನ್ನುವ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಾದರೋ ಗುಂಡ ಅನಿವಾರಿತಾಚಾರಿಯ ಹೆಸರನ್ನು ಬಿರುದುಬಾವಲಿಗಳೊಡನೆ ಕೆತ್ತಿದ್ದಾರೆ. ಮುಂದೆ ಹೊಯ್ಸಳರ ಕಾಲಕ್ಕಂತೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಇವರೆಲ್ಲ ವಿಗ್ರಹದ ಪೀಠದಲ್ಲಿ ಕನ್ನಡದ ಅಕ್ಷರಗಳಲ್ಲಿ ರಾಜಾರೋಷವಾಗಿ ರುಜು ಹಾಕಿದರು. ಕನ್ನಡಿಗ ಅರಸರು ಕೆಲಸಗಾರನ ಹೆಸರಿಗೆ ಹೆದರಲಿಲ್ಲವೆಂಬುದು ನನಗೆ ಕೈಲಾಸದಷ್ಟೇ ದೊಡ್ಡದಾಗಿ ಕಾಣುತ್ತದೆ.

ಆದರೆ ರಾಬಿನೆಟ್ಟನ ನಿಜವಾದ ಬಂಧು ಇರುವುದು ಬೇರೆ ಕಡೆ. ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ಹೊಸದಾಗಿ ಬಂದ ಕನ್ನಡಿಗರು ‘ಕನ್ನಡ’ ಎಂಬ ಬೋರ್ಡು ನೋಡಿ ಪುಳಕಿತರಾಗುವುದುಂಟು. ಅದು ಭಾಷೆಯಲ್ಲ, ಆ ಜಿಲ್ಲೆಯ ಒಂದು ತಾಲೂಕು. ಅದೇ ತಾಲೂಕಿನ ಕಾಡಿನ ಕಮರಿಯೊಂದರಲ್ಲಿ ಪಿತಳಖೋರಾ ಗವಿಗಳಿವೆ. ಅಜಂತಾ ಎಲ್ಲೋರಗಳಿಗೆ ಹೋಗುವ ಜನದ ನೂರರಲ್ಲಿ ಒಂದು ಪಾಲೂ ಅಲ್ಲಿಗೆ ಹೋಗುವುದಿಲ್ಲವೆಂದು ಕಾಣುತ್ತದೆ. 1950ರ ದಶಕದಲ್ಲಿ ಅಲ್ಲಿಯ ಮಣ್ಣುಕಲ್ಲು ತೆರವು ಮಾಡಿಸಿದಾಗ ಸಿಕ್ಕಿದ ಒಂದು ಯಕ್ಷನ ವಿಗ್ರಹ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕುಳ್ಳ, ಡೊಳ್ಳುಹೊಟ್ಟೆ, ಮುಖದ ತುಂಬ ನಗು. ಎರಡು ಕೈಗಳನ್ನೂ ಎತ್ತಿ ತಲೆಯ ಮೇಲಿನ ಬಟ್ಟಲನ್ನು ಹಿಡಿದಿದ್ದಾನೆ. ಆ ಎತ್ತಿದ ಕೈಯ ಮೇಲೆ ಬ್ರಾಹ್ಮಿಯ ಪುಟ್ಟ ಅಕ್ಷರಗಳಲ್ಲಿ, ಇದನ್ನು ಮಾಡಿದವನು ಅಕ್ಕಸಾಲಿಗ ಕಣ್ಹದಾಸ ಎಂದು ಬರೆದಿದೆ. ಚಿನ್ನದ ಕೆಲಸದವನು ಕಲ್ಲಿಗೆ ಕೈಹಾಕಿದ್ದಾನೆ. ದಾನಿಗಳ ಹೆಸರು ಕಂಬದ ಮೇಲೆ ಗೋಡೆಯ ಮೇಲೆ ಇರುವಾಗ ಇವನು ತನ್ನ ಹೆಸರಿಗೆ ಯಕ್ಷನ ಕೈಯನ್ನು ಆರಿಸಿಕೊಂಡಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಇಲ್ಲಿಯೂ ಬಟ್ಟಲು, ಇಲ್ಲಿಯೂ ಗವಿ. ಪುಣೆಗೆ ಫೋನು ಮಾಡಿ ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೂದು ಚುಕ್ಕೆ ಎಲ್ಲಿತ್ತಂತೆ?” ಎಂದಳು.

ತರುಣ ಸದಸ್ಯರಿಗೆ ಇಲ್ಲಿ ಎರಡು ಸೂಚನೆ. ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟು, ನಕ್ಷೆ, ಗುಪ್ತ ದಾರಿಗಳನ್ನು ಬರೆದಿಟ್ಟ ನೋಟುಪುಸ್ತಕ ಇದ್ದವರು ದೀಪಾವಳಿಯ ಸಾಮಾನು ಶುದ್ಧಿಯಲ್ಲಿ ರದ್ದಿಯವನಿಗೆ ಹಾಕುವ ಮುನ್ನ ಸಂಘದ ಗ್ರಂಥಭಂಡಾರಕ್ಕೆ ತಂದು ತೋರಿಸಬೇಕು. ನಕ್ಷೆಯ ಹಿಂದೆ ಬರೆದವರ ಹೆಸರು, ಊರು, ವರ್ಷವನ್ನು ಪೆನ್ಸಿಲಿನಲ್ಲಿ ಹಾಕಿರಿ. ಜೊತೆಗೆ ಆಡಿದವರ ಹೆಸರೂ ಇರಲಿ. ರಾಜ್ಯೋತ್ಸವದ ದಿನ ಒಂದು ಮೇಜಿನ ಮೇಲೆ ಜೋಡಿಸುವ ವಿಚಾರವಿದೆ. ಆಟವನ್ನು ಆಡಿ ತೋರಿಸಲು ಹಳೆಯ ಪಿಕ್ಚರ್ ಟ್ಯೂಬಿನ ಟೆಲಿವಿಷನ್ ಬೇಕು. ನಮ್ಮ ಮನೆಯ ಹೊಸ ಟೆಲಿವಿಷನ್ನಿಗೆ ಈ ಪೆಟ್ಟಿಗೆಯ ತಂತಿ ಸಿಕ್ಕಿಸಲು ತೂತೇ ಇಲ್ಲ.

ಎರಡನೆಯದು, ಮಳೆ ನಿಂತ ಮೇಲೆ ಪಿತಳಖೋರಾಕ್ಕೆ ಒಂದು ದಿನದ ಪ್ರವಾಸ. ಸಂಭಾಜಿನಗರದವರು ಕನ್ನಡ ಪಟ್ಟಣದ ಹಾದಿ ಹಿಡಿಯಬೇಕು. ನಾಸಿಕದವರಿಗೆ ಚಾಳೀಸಗಾಂವ್ ಕಡೆಯಿಂದಲೂ ದಾರಿಯುಂಟು. ಕಮರಿಗೆ ಮೆಟ್ಟಿಲಿಳಿದು ಹೋಗಬೇಕು, ಬರುವಾಗ ಅಷ್ಟನ್ನೂ ಹತ್ತಬೇಕು. ಹತ್ತಿರದಲ್ಲಿ ಹೋಟೆಲೆಂಬುದನ್ನು ನಂಬಿಕೊಳ್ಳಬಾರದು. ಚಪಾತಿ ಪಲ್ಯ, ಮೊಸರನ್ನ, ಕುಡಿಯುವ ನೀರು ಕಟ್ಟಿಕೊಂಡೇ ಹೊರಡುವುದು ಕ್ಷೇಮ. ಬ್ಯಾಟರಿ ದೀಪ ತರಲು ಮರೆಯದಿರಿ. ಯಕ್ಷ ದೆಹಲಿಗೆ ಹೋಗಿದ್ದಾನೆ. ಬಾಗಿಲ ಬಳಿಯ ಕಲ್ಲಿನ ಆನೆಗಳು ಅಲ್ಲಿಯೇ ಇವೆ.